ಓದುಗರ ಪ್ರಶ್ನೆ: ನಾನಾವತಿ ಕೇಸು, ಮೂರು ಗಂಟೆ ಮತ್ತು ಒಂದು ಟವೆಲ್

ನಾನಾವತಿ ಮೊಕದ್ದಮೆಯ ಮೇಲೆ 2019ರಲ್ಲಿ ಬಂದ 10 ಕಂತಿನ ಹಿಂದಿ ಸರಣಿ ‘ದ ವರ್ಡಿಕ್ಟ್: ಸ್ಟೇಟ್ ವರ್ಸಸ್ ನಾನಾವತಿ’ಯನ್ನು ನೋಡಿದವರು ಕೇಳಿದ ಪ್ರಶ್ನೆಗಳು ಒಂದಷ್ಟು ಸೇರಿಕೊಂಡಿದ್ದವು. ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ. ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಸರ್, ಈ ಸರಣಿ ನೋಡಿ ಮುಗಿಸಿದ ಮೇಲೆ ನಮ್ಮ ಮನೆಯಲ್ಲಿ ವಾದ ನಿಂತೇ ಇಲ್ಲ. ನಮ್ಮ ಅತ್ತೆಯವರು “ಆ ಮನುಷ್ಯ ಮಾಡಿದ್ದು ಸರಿ, ತಾನೇ ಹೋಗಿ ಶರಣಾದ, ಅಂಥವನನ್ನು ಕೊಲೆಗಾರ ಅನ್ನಬಾರದು” ಅಂತಾರೆ. ನನಗೆ ಒಪ್ಪೋಕೆ ಆಗ್ತಿಲ್ಲ. ಆದರೆ ಎದುರು ಏನು ಹೇಳಬೇಕು ಅಂತಲೂ ಗೊತ್ತಾಗ್ತಿಲ್ಲ. ಯಾರು ಸರಿ?

ಉತ್ತರ: ನೋಡದವರಿಗಾಗಿ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಕಾವಸ್ ಮಾಣೆಕ್‌ಶಾ ನಾನಾವತಿ ನೌಕಾಪಡೆಯ ಕಮಾಂಡರ್. ‘ಐಎನ್‌ಎಸ್ ಮೈಸೂರು’ ಹಡಗಿನಲ್ಲಿ ಕ್ಯಾಪ್ಟನ್ ಬಿಟ್ಟರೆ ಇವರೇ. ಹೆಂಡತಿ ಸಿಲ್ವಿಯಾ ಇಂಗ್ಲೆಂಡಿನವರು, ಮೂವರು ಮಕ್ಕಳು. ಗಂಡ ಹಡಗಿನಲ್ಲಿ ತಿಂಗಳುಗಟ್ಟಲೆ ಹೊರಗಿರುತ್ತಿದ್ದಾಗ ಸಿಲ್ವಿಯಾಗೆ ಬಾಂಬೆಯ ಕಾರು ವ್ಯಾಪಾರಿ ಪ್ರೇಮ್ ಆಹುಜಾ ಜೊತೆ ಸಂಬಂಧ ಬೆಳೆಯಿತು. 1959ರ ಏಪ್ರಿಲ್ 27ರ ಮಧ್ಯಾಹ್ನ ಆಕೆ ಅದನ್ನು ಗಂಡನ ಎದುರು ಒಪ್ಪಿಕೊಂಡರು. ನಾನಾವತಿ ಹೆಂಡತಿಯನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟರು, ಹಡಗಿಗೆ ಹೋಗಿ ಒಂದು ನೆಪ ಹೇಳಿ ರಿವಾಲ್ವರ್ ಮತ್ತು 6 ಗುಂಡು ತೆಗೆದುಕೊಂಡರು, ಆಹುಜಾ ಅವರ ಆಫೀಸಿಗೆ ಹೋದರು, ಅಲ್ಲಿ ಸಿಗದೇ ಇದ್ದಾಗ ಫ್ಲ್ಯಾಟಿಗೆ ಹೋದರು. ಮಲಗುವ ಕೋಣೆಯ ಬಾಗಿಲು ಮುಚ್ಚಿತು. ಮೂರು ಗುಂಡು ಹಾರಿದವು. ಆಮೇಲೆ ನೌಕಾಪಡೆಯ ಅಧಿಕಾರಿಯೊಬ್ಬರಿಗೆ ವಿಷಯ ತಿಳಿಸಿ, ಪೊಲೀಸ್ ಡೆಪ್ಯುಟಿ ಕಮಿಷನರ್ ಜಾನ್ ಲೋಬೊ ಅವರ ಮುಂದೆ ಶರಣಾದರು. ಆಹುಜಾ ಸತ್ತರು. ಮೊದಲ ಕೋರ್ಟಿನ ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂರಿಸಿದ್ದ ಒಂಬತ್ತು ಜನ ಸಾಮಾನ್ಯರ ಗುಂಪು, ನಾನಾವತಿ ನಿರಪರಾಧಿ ಎಂದಿತು. ಹೈಕೋರ್ಟ್ ಅದನ್ನು ಒಪ್ಪದೆ ಕೊಲೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರೋಣ. ಅವರ ಸಿಟ್ಟು ಅರ್ಥವಾಗುತ್ತದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮನೆ ಮುರಿದ ನೋವು ನಿಜವಾದದ್ದು. ಆದರೆ ಅವರಿಗೆ ಒಂದು ಮಾತು ಹೇಳಿ ನೋಡಿ. “ನನ್ನ ಕಕ್ಷಿದಾರ ಮಾಡಿದ್ದು ಸರಿ” ಅಂತ ನಾನಾವತಿಯ ವಕೀಲರೇ ವಾದಿಸಲಿಲ್ಲ! ಅವರು ವಾದಿಸಿದ್ದು, ಬೇಕೆಂದು ಕೊಂದಿಲ್ಲ ಅಂತ. ನಾನಾವತಿ ರಿವಾಲ್ವರ್ ತಂದದ್ದು ತನ್ನನ್ನೇ ಕೊಂದುಕೊಳ್ಳಲು, ಆಹುಜಾ ಬಳಿ ಹೋದದ್ದು “ಇವಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ಳುತ್ತೀಯಾ” ಎಂದು ಕೇಳಲು. ಆಹುಜಾ ಒರಟಾಗಿ ಉತ್ತರ ಕೊಟ್ಟರು, ರಿವಾಲ್ವರ್ ಇದ್ದ ಲಕೋಟೆಗೆ ಕೈ ಹಾಕಿದರು, ಎಳೆದಾಟದಲ್ಲಿ ಗುಂಡು ಹಾರಿತು. ಇದು ಆರೋಪಿಯ ಹೇಳಿಕೆ. ಅಂದರೆ ಆಕಸ್ಮಿಕ.

ಹಾಗಾಗಿ ಕೋರ್ಟಿನ ಮುಂದೆ “ಇವರು ಒಳ್ಳೆಯವರೋ ಕೆಟ್ಟವರೋ” ಎಂಬ ಪ್ರಶ್ನೆ ಇರಲೇ ಇಲ್ಲ. ಗುಂಡು ಹಾರಿತೋ, ಹಾರಿಸಿದರೋ? ಹಾರಿಸಿದ್ದರೆ ಆ ಕ್ಷಣದ ರೋಷದಲ್ಲಿ ಹಾರಿಸಿದ್ದೋ, ಯೋಚಿಸಿ ಹಾರಿಸಿದ್ದೋ? ಇಷ್ಟೇ. ಸರಣಿ ನೋಡುವಾಗ ನಾವು ಒಳ್ಳೆಯವರೋ ಕೆಟ್ಟವರೋ ಅನ್ನುವ ಪ್ರಶ್ನೆಗೇ ಉತ್ತರ ಹುಡುಕುತ್ತೇವೆ, ಯಾಕೆಂದರೆ ಕಥೆ ನಮ್ಮನ್ನು ಮನುಷ್ಯರ ಹತ್ತಿರ ಕರೆದುಕೊಂಡು ಹೋಗುತ್ತದೆ. ಕೋರ್ಟು ಆ ಚಿಕ್ಕ ಪ್ರಶ್ನೆಗೇ ಅಂಟಿಕೊಂಡು ಕೂತಿರಬೇಕು. ನಾಳೆ ಜನರಿಗೆ ಇಷ್ಟವಾಗದ ಮುಖದ ಒಬ್ಬ ಆರೋಪಿ ಕಟಕಟೆಯಲ್ಲಿ ನಿಂತರೆ ಅವನನ್ನು ಕಾಪಾಡುವುದೂ ಅದೇ ಚಿಕ್ಕ ಪ್ರಶ್ನೆಯೇ ಅಲ್ವಾ?

ಪ್ರಶ್ನೆ: ತೀವ್ರ ಪ್ರಚೋದನೆ ಇದ್ದರೆ ಕೊಲೆ ಅಲ್ಲ ಅಂತ ಕಾನೂನೇ ಹೇಳುತ್ತದೆ. ಹೆಂಡತಿ ಬಾಯಿಬಿಟ್ಟು ಒಪ್ಪಿಕೊಂಡದ್ದಕ್ಕಿಂತ ದೊಡ್ಡ ಪ್ರಚೋದನೆ ಇನ್ನೇನಿದೆ? ಆದರೂ ಸುಪ್ರೀಂ ಕೋರ್ಟ್ ಯಾಕೆ ಒಪ್ಪಲಿಲ್ಲ?

ಉತ್ತರ: ಕಾನೂನಿನ ಮಾತು “ತೀವ್ರ ಮತ್ತು ಹಠಾತ್ ಪ್ರಚೋದನೆ”. ಎರಡೂ ಬೇಕು. ಹಳೆಯ ದಂಡಸಂಹಿತೆಯ 300ನೇ ಕಲಮಿನ ಮೊದಲ ವಿನಾಯಿತಿ ಅದು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 101ನೇ ಕಲಮಿನಲ್ಲಿದೆ. ಪ್ರಚೋದನೆ ತೀವ್ರವಾಗಿತ್ತು ಅನ್ನುವುದರಲ್ಲಿ ಸುಪ್ರೀಂ ಕೋರ್ಟಿಗೆ ತಕರಾರಿರಲಿಲ್ಲ. ಮಾತಿನಿಂದಲೂ, ಸನ್ನೆಯಿಂದಲೂ ಅಂಥ ಪ್ರಚೋದನೆ ಆಗಬಹುದು, ಆರೋಪಿ ಬದುಕುವ ಸಮಾಜದ ಸಾಮಾನ್ಯ ಮನುಷ್ಯನೊಬ್ಬ ಆ ಜಾಗದಲ್ಲಿದ್ದರೆ ಹತೋಟಿ ತಪ್ಪುತ್ತಿದ್ದನೇ ಎಂದು ನೋಡಬೇಕು ಅಂತಲೇ ಕೋರ್ಟ್ ಹೇಳಿತು. ಕೇಸು ಸೋತದ್ದು ‘ಹಠಾತ್’ ಅನ್ನುವಲ್ಲಿ.

ಗಡಿಯಾರ ನೋಡಿ. ಮನೆಯಿಂದ ಹೊರಟದ್ದು 1.30ಕ್ಕೆ. ಕೊಲೆ ಆದದ್ದು 4.20ಕ್ಕೆ. ಹೆಚ್ಚುಕಮ್ಮಿ ಮೂರು ಗಂಟೆ. ಆ ಮೂರು ಗಂಟೆಯಲ್ಲಿ ಏನೇನು ನಡೆಯಿತು ಅಂತ ಒಂದೊಂದಾಗಿ ನೋಡಿದರೆ ಎದೆ ಭಾರವಾಗುತ್ತದೆ. ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮೊದಲೇ ಮಾತು ಕೊಟ್ಟಿದ್ದರು, ಅದನ್ನು ತಪ್ಪಿಸಲಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ಪಕ್ಕದ ಮನೆಯ ಮಗು, ಎಲ್ಲರನ್ನೂ ಮೆಟ್ರೋ ಥಿಯೇಟರಿನ ಮುಂದೆ ಇಳಿಸಿ, 6 ಗಂಟೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಅಂದರು. ಕಾಯಿಲೆ ಬಿದ್ದ ನಾಯಿಗೆ ಔಷಧಿ ತರಬೇಕೆಂದು ಹಡಗಿನ ಕಡೆ ಹೊರಟರು. ರಾತ್ರಿ ಒಬ್ಬನೇ ಅಹ್ಮದ್‌ನಗರಕ್ಕೆ ಕಾರು ಓಡಿಸಿಕೊಂಡು ಹೋಗಬೇಕು, ರಿವಾಲ್ವರ್ ಬೇಕು ಅಂತ ಅಲ್ಲಿ ಹೇಳಿದರು. ಅದನ್ನು ಕಂದು ಬಣ್ಣದ ಲಕೋಟೆಯಲ್ಲಿ ಇಟ್ಟುಕೊಂಡರು. ಆಫೀಸು, ಆಮೇಲೆ ಫ್ಲ್ಯಾಟು. ಹೀಗೆ ಹೆಂಡತಿ ಮಕ್ಕಳ ಬಗ್ಗೆ ಯೋಚಿಸಿ, ಒಂದಾದ ಮೇಲೊಂದು ಕೆಲಸ ಮಾಡಿಕೊಂಡು ಹೋದ ಮನುಷ್ಯನಿಗೆ ಹತೋಟಿ ವಾಪಸ್ ಬಂದಿತ್ತು, ಬರದೇ ಇದ್ದರೂ ಬರುವಷ್ಟು ಸಮಯ ಇತ್ತು ಎಂದಿತು ಕೋರ್ಟ್.

ಹಾಗಾದರೆ ಆಹುಜಾ ಅವರ ಕೊನೆಯ ಒರಟು ಮಾತು ಪ್ರಚೋದನೆ ಅಲ್ವಾ? ಅದಕ್ಕೂ ತೀರ್ಪಿನಲ್ಲಿ ಉತ್ತರ ಇದೆ. ಬೈಗುಳ ಶುರು ಮಾಡಿದ್ದು ಆರೋಪಿ. ತಾನೇ ಬೈದು, ಅದಕ್ಕೆ ಅಷ್ಟೇ ಕೆಟ್ಟ ಉತ್ತರ ಬಂತು ಅಂತ ಅದನ್ನೇ ಕೊಲೆಗೆ ಪ್ರಚೋದನೆ ಅನ್ನಲಾಗದು.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಪ್ರಚೋದನೆ ಸಾಬೀತಾದರೂ ಬಿಡುಗಡೆ ಇಲ್ಲ! ಕೊಲೆ ಅನ್ನುವುದು ‘ಕೊಲೆಯಲ್ಲದ ನರಹತ್ಯೆ’ಗೆ ಇಳಿಯುತ್ತದೆ, ಅಷ್ಟೇ. ಹಳೆಯ 304ನೇ ಕಲಮಿನ ಮೊದಲ ಭಾಗ. ಅದಕ್ಕೂ 10 ವರ್ಷದವರೆಗೆ, ಇಲ್ಲವೇ ಜೀವಾವಧಿ ಶಿಕ್ಷೆ ಕೊಡಬಹುದಿತ್ತು. ಜ್ಯೂರಿ ಈ ಎರಡೂ ಆರೋಪದಿಂದ ನಾನಾವತಿಯನ್ನು ಬಿಟ್ಟಿತು. ಕಾನೂನಿನ ಪ್ರಕಾರ ಅದರ ಅರ್ಥ ಪ್ರಚೋದನೆ ಇತ್ತು ಅಂತಲ್ಲ, ಆಕಸ್ಮಿಕವೇ ಇರಬಹುದು ಅಂತ.

ಪ್ರಶ್ನೆ: ಸರಣಿಯಲ್ಲೂ ಸಿನಿಮಾದಲ್ಲೂ ಟವೆಲ್ ಬಗ್ಗೆ ಅಷ್ಟು ಮಾತಾಡ್ತಾರೆ. ಒಂದು ಟವೆಲ್‌ನಿಂದ ಕೇಸು ನಿರ್ಧಾರ ಆಗುತ್ತಾ?

ಉತ್ತರ: ಟವೆಲ್ ಒಂದರಿಂದಲೇ ಆಗಲಿಲ್ಲ. ಆದರೆ ಆಕಸ್ಮಿಕ ಅನ್ನುವ ವಾದಕ್ಕೆ ಅದು ದೊಡ್ಡ ಪೆಟ್ಟು.

ಆಹುಜಾ ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದರು. ಸೊಂಟಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಇಬ್ಬರು ಗಟ್ಟಿಮುಟ್ಟಾದ ಗಂಡಸರು ರಿವಾಲ್ವರಿಗಾಗಿ ಎಳೆದಾಡಿದರು, ಅದೂ ಜೀವದ ಹಂಗು ತೊರೆದು, ಅಂತ ಆರೋಪಿಯ ಹೇಳಿಕೆ. ಹಾಗೆ ಎಳೆದಾಡಿದ್ದರೆ ಟವೆಲ್ ಬಿಚ್ಚಿ ಬೀಳಬೇಕಿತ್ತು, ಕಡೇಪಕ್ಷ ಸಡಿಲವಾದರೂ ಆಗಬೇಕಿತ್ತು. ಶವದ ಮೇಲೆ ಅದು ಸುತ್ತಿದಂತೆಯೇ ಇತ್ತು. ನೀವೇ ಯೋಚಿಸಿ. ಸಾಕ್ಷಿಗೆ ನೆನಪು ಮಸುಕಾಗಬಹುದು, ಭಯ ಆಗಬಹುದು, ಯಾರೋ ಹೇಳಿಕೊಟ್ಟದ್ದನ್ನು ಹೇಳಬಹುದು. ಸುತ್ತಿದ ಟವೆಲ್‌ಗೆ ಅದ್ಯಾವುದೂ ಇಲ್ಲ.

ಅದರ ಜೊತೆಗೆ ಬೇರೆ ಸಂಗತಿಗಳೂ ಸೇರಿಕೊಂಡವು. ಆ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಬೇರೆಯಾಗಿ ಕುದುರೆ ಎಳೆಯಬೇಕು. ಕೈ ತಾಗಿ ಒಮ್ಮೆ ಹಾರಿತು ಅಂದರೆ ನಂಬಬಹುದು. ಮೂರು ಗುಂಡು? ಮನೆಯಲ್ಲಿ ಆಹುಜಾ ಅವರ ಸಹೋದರಿ ಮೇಮಿ ಇದ್ದರು, ಕೆಲಸದವರು ಇದ್ದರು. ನಾನಾವತಿ ಹೊರಗೆ ಬಂದಾಗ “ಆಕಸ್ಮಿಕವಾಗಿ ಹೀಗಾಯಿತು” ಅಂತ ಅವರಲ್ಲಿ ಯಾರಿಗೂ ಹೇಳಲಿಲ್ಲ. ಬದಲಿಗೆ ಕಟ್ಟಡದ ಕಾವಲುಗಾರನ ಹತ್ತಿರ ಕಾರಣ ಹೇಳಿಕೊಂಡರು, ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡಿದ್ದಕ್ಕೆ ಕೊಂದೆ ಎಂದರು ಅಂತ ಆ ಕಾವಲುಗಾರ ಸಾಕ್ಷಿ ಹೇಳಿದ.

ಸರಣಿಯ ಕ್ಯಾಮೆರಾ ಮುಖಗಳ ಮೇಲೆ ಇರುತ್ತದೆ, ಅದು ಸಹಜ. ನನ್ನ ಕೋರಿಕೆ ಇಷ್ಟೇ. ಕೋರ್ಟಿನ ಕಥೆ ನೋಡುವಾಗ ಕೋಣೆಯಲ್ಲಿರುವ ವಸ್ತುಗಳ ಮೇಲೂ ಒಂದು ಕಣ್ಣಿಡಿ.

ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ. ಜ್ಯೂರಿ 8:1ರಲ್ಲಿ ‘ನಿರಪರಾಧಿ’ ಅಂದ ಮೇಲೂ ನ್ಯಾಯಾಧೀಶರು ಅದನ್ನು ಒಪ್ಪದೇ ಇರಬಹುದಾ? ಅದು ಅನ್ಯಾಯ ಅಲ್ವಾ?

ಉತ್ತರ: ಆಗಿನ 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೇ ಕಲಮು ತೆಗೆದು ನೋಡಿ. ಜ್ಯೂರಿಯ ತೀರ್ಮಾನವನ್ನು ಒಪ್ಪಲಾಗದು, ನ್ಯಾಯದ ದೃಷ್ಟಿಯಿಂದ ಹೈಕೋರ್ಟ್ ನೋಡಲೇಬೇಕು ಅಂತ ಅನಿಸಿದರೆ ಸೆಷನ್ಸ್ ನ್ಯಾಯಾಧೀಶರು ಕೇಸನ್ನು ಅಲ್ಲಿಗೆ ಕಳಿಸಬಹುದಿತ್ತು. ನ್ಯಾಯಾಧೀಶ ಆರ್.ಬಿ. ಮೆಹ್ತಾ ಅದನ್ನೇ ಮಾಡಿದರು. ತಾವೇ ಶಿಕ್ಷೆ ಕೊಡಲಿಲ್ಲ, ಮೇಲಕ್ಕೆ ಕಳಿಸಿದರು. ಊರಿಗೆ ಊರೇ ಒಂದು ಕಡೆ ನಿಂತಿದ್ದಾಗ ಹಾಗೆ ಬರೆಯುವುದಕ್ಕೆ ಗಟ್ಟಿತನ ಬೇಕು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಗೌರವ ಇರುವುದು ಅವರ ಮೇಲೆ.

ಅದಕ್ಕಿಂತ ಸ್ವಾರಸ್ಯದ ವಿಷಯ ಏನು ಗೊತ್ತಾ? ಜ್ಯೂರಿಗೆ ಕಾನೂನು ವಿವರಿಸಿದ್ದು ಇದೇ ನ್ಯಾಯಾಧೀಶರು, ಆ ವಿವರಣೆಯಲ್ಲೇ ತಪ್ಪುಗಳಿದ್ದವು ಅಂತ ಹೈಕೋರ್ಟ್ ಕಂಡುಕೊಂಡಿತು. ಸುಪ್ರೀಂ ಕೋರ್ಟೂ ಒಪ್ಪಿತು. ಮುಖ್ಯವಾದ ತಪ್ಪು ಸಾಬೀತು ಮಾಡುವ ಹೊಣೆಯದ್ದು. ಕೊಲೆ ನಡೆದಿದೆ ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವ ಹೊಣೆ ಯಾವತ್ತೂ ಸರಕಾರದ್ದೇ, ಅದು ಬದಲಾಗುವುದಿಲ್ಲ. ಆದರೆ ಆರೋಪಿ “ಇದು ಆಕಸ್ಮಿಕ” ಅಂತ ಹಳೆಯ ದಂಡಸಂಹಿತೆಯ 80ನೇ ಕಲಮಿನ ವಿನಾಯಿತಿ ಕೇಳಿದರೆ, ಅದಕ್ಕೆ ಬೇಕಾದ ಸಂಗತಿ ತೋರಿಸುವ ಹೊಣೆ ಆರೋಪಿಯದ್ದು. ಸರಕಾರದಷ್ಟು ಭಾರದ ಹೊಣೆ ಅಲ್ಲ, ಹೀಗೂ ಆಗಿರುವ ಸಂಭವ ಜಾಸ್ತಿ ಅನ್ನುವಷ್ಟು ತೋರಿಸಿದರೆ ಸಾಕು. ಇದನ್ನು ಜ್ಯೂರಿಗೆ ಸರಿಯಾಗಿ ಹೇಳಿರಲಿಲ್ಲ. ಹಠಾತ್ ಪ್ರಚೋದನೆಗೆ ಕಾನೂನಿನಲ್ಲಿ ಏನೇನು ಬೇಕು ಅಂತಲೂ ಬಿಡಿಸಿ ಹೇಳಿರಲಿಲ್ಲ. ಸಿಲ್ವಿಯಾ ಆಹುಜಾಗೆ ಬರೆದ ಪತ್ರಗಳಲ್ಲಿ ಏನಿತ್ತು ಅನ್ನುವುದನ್ನೂ ಮುಂದಿಟ್ಟಿರಲಿಲ್ಲ.

ಆದ್ದರಿಂದ “ಆ ಎಂಟು ಜನ ಮರುಳಾದರು” ಅಂತ ಸುಮ್ನೆ ಹೇಳಿಬಿಡುವುದು ನ್ಯಾಯವಲ್ಲ. ಅವರ ಕೈಗೆ ಸರಿಯಾದ ಅಳತೆಗೋಲನ್ನೇ ಕೊಟ್ಟಿರಲಿಲ್ಲ. 1960ರ ಮಾರ್ಚ್ 11ಕ್ಕೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಶೇಲಟ್ ಮತ್ತು ನಾಯ್ಕ್ ಜೀವಾವಧಿ ಶಿಕ್ಷೆ ಕೊಟ್ಟರು. 1961ರ ನವೆಂಬರ್ 24ಕ್ಕೆ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್. ವಿದ್ಯಾರ್ಥಿಯಾಗಿ ನೀವು ಸಾಬೀತಿನ ಹೊಣೆಯ ಭಾಗವನ್ನು ನಿಧಾನವಾಗಿ ಓದಿ. ಇವತ್ತಿಗೂ ಕೋರ್ಟುಗಳಲ್ಲಿ ಉಲ್ಲೇಖವಾಗುವ ಭಾಗ ಅದು. ಈಗ ಅದೇ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಲ್ಲಿದೆ.

ಪ್ರಶ್ನೆ: ಈ ಕೇಸಿನಿಂದಲೇ ಭಾರತದಲ್ಲಿ ಜ್ಯೂರಿ ರದ್ದಾಯಿತಂತೆ, ಇದೇ ಕೊನೆಯ ಜ್ಯೂರಿ ವಿಚಾರಣೆಯಂತೆ. ನಿಜವಾ?

ಉತ್ತರ: ಎಲ್ಲ ಕಡೆ ಹೀಗೇ ಹೇಳುತ್ತಾರೆ, ಆದರೆ ಪೂರ್ತಿ ನಿಜವಲ್ಲ. ಜ್ಯೂರಿ ಬೇಡ ಅಂತ ಕಾನೂನು ಆಯೋಗದ 14ನೇ ವರದಿ 1958ರಲ್ಲೇ ಹೇಳಿತ್ತು. ಗುಂಡು ಹಾರಿದ್ದು ಅದರ ಮರುವರ್ಷ. ನಾನಾವತಿ ಕೇಸಿನ ನಂತರವೂ ಕೆಲವು ಕಡೆ ಜ್ಯೂರಿ ವಿಚಾರಣೆ ನಡೆದವು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಅದು ಪೂರ್ತಿ ಹೋಯಿತು. ಈ ಕೇಸು ಆ ವಾದಕ್ಕೆ ದೊಡ್ಡ ಉದಾಹರಣೆಯಾಗಿ ನಿಂತದ್ದು ಹೌದು. ಅಂದ ಹಾಗೆ, ಪಾರ್ಸಿ ಮದುವೆ-ವಿಚ್ಛೇದನದ ಕೇಸುಗಳಲ್ಲಿ 1936ರ ಕಾಯ್ದೆಯ ಪ್ರಕಾರ ಸಮುದಾಯದ ಪ್ರತಿನಿಧಿಗಳು ನ್ಯಾಯಾಧೀಶರ ಜೊತೆ ಕೂರುವ ಪದ್ಧತಿ ಉಳಿದುಕೊಂಡಿದೆ.

ಪ್ರಶ್ನೆ: ಪತ್ರಿಕೆಗಳು ಅಷ್ಟೊಂದು ಗದ್ದಲ ಮಾಡಿದ್ದು ನಿಜಾನಾ, ಇಲ್ಲ ಸರಣಿಯವರು ಬಣ್ಣ ಕಟ್ಟಿದ್ದಾ?

ಉತ್ತರ: ನಿಜ. ಆರ್.ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ವಾರಪತ್ರಿಕೆ ಬಹಿರಂಗವಾಗಿಯೇ ನಾನಾವತಿ ಪರ ನಿಂತಿತು. ದೇಶ ಕಾಯುವ ಅಧಿಕಾರಿ, ಮೋಸಹೋದ ಗಂಡ ಎಂಬ ಚಿತ್ರವನ್ನು ವಾರವಾರವೂ ಕಟ್ಟಿಕೊಟ್ಟಿತು. 25 ಪೈಸೆಯ ಪತ್ರಿಕೆ 2 ರೂಪಾಯಿಗೆ ಮಾರಾಟವಾಯಿತು. ಬೀದಿಯಲ್ಲಿ ನಾನಾವತಿ ಹೆಸರಿನ ಆಟಿಕೆ ರಿವಾಲ್ವರು, ಆಹುಜಾ ಹೆಸರಿನ ಟವೆಲ್ಲು ಮಾರಿದರು. ಒಬ್ಬ ಸತ್ತಿದ್ದಾನೆ, ಅವನ ಸಹೋದರಿ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಿದ್ದಾಳೆ, ಹೊರಗೆ ಅವನು ಉಟ್ಟಿದ್ದ ಟವೆಲ್ಲಿನ ಹೆಸರಲ್ಲಿ ವ್ಯಾಪಾರ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಥೆಗೆ ಪಾರ್ಸಿ-ಸಿಂಧಿ ಬಣ್ಣವೂ ಬಂತು. ನಾನಾವತಿ ಪಾರ್ಸಿ, ಕರಂಜಿಯಾ ಪಾರ್ಸಿ, ಆಹುಜಾ ಸಿಂಧಿ. ಮೇಮಿ ಪರವಾಗಿ ಕೇಸಿನ ಮೇಲೆ ಕಣ್ಣಿಟ್ಟು ಸರಕಾರಿ ವಕೀಲರಿಗೆ ನೆರವಾಗಲು ಬಂದ ತರುಣ ವಕೀಲ ರಾಮ್ ಜೇಠ್ಮಲಾನಿಯೂ ಸಿಂಧಿ. ಆರೋಪಿ ಪರ ಕಾರ್ಲ್ ಖಂಡಾಲಾವಾಲಾ. ಇನ್ನೊಬ್ಬರು ನೆನಪಿಡಬೇಕಾದವರು: ಹೈಕೋರ್ಟಿನಲ್ಲಿ ಸರಕಾರದ ಪರ ವಾದಿಸಿದ ವೈ.ವಿ. ಚಂದ್ರಚೂಡ್, ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು.

ಪ್ರಶ್ನೆ: ಜೇಠ್ಮಲಾನಿಯವರೇ ಸರಣಿಯ ಹೀರೋ ಥರ ಇದ್ದಾರೆ. ಆದರೆ ಕೋರ್ಟಿನಲ್ಲಿ ವಾದ ಮಾಡುವುದು ಬೇರೆಯವರು. ಯಾಕೆ?

ಉತ್ತರ: ಸೆಷನ್ಸ್ ಕೋರ್ಟಿನಲ್ಲಿ ಕೇಸು ನಡೆಸುವುದು ಸರಕಾರಿ ವಕೀಲರು. ಇಲ್ಲಿ ಸಿ.ಎಂ. ತ್ರಿವೇದಿ. ಅಪರಾಧ ನಡೆದರೆ ಅದು ಸಮಾಜದ ವಿರುದ್ಧ ನಡೆದದ್ದು, ಸತ್ತವರ ಮನೆಯವರ ಖಾಸಗಿ ಜಗಳ ಅಲ್ಲ ಅನ್ನುವುದು ಇದರ ಹಿಂದಿನ ಯೋಚನೆ. ಮನೆಯವರ ವಕೀಲರು ನೆರವು ಕೊಡಬಹುದು, ಕೋರ್ಟ್ ಒಪ್ಪಿದರೆ ಕೊನೆಯಲ್ಲಿ ಲಿಖಿತ ವಾದ ಕೊಡಬಹುದು. ಇವತ್ತಿಗೂ ನಿಯಮ ಬಹುಮಟ್ಟಿಗೆ ಇದೇ.

ಪ್ರಶ್ನೆ: ಆಗ ವ್ಯಭಿಚಾರವೇ ಅಪರಾಧ ಆಗಿತ್ತಲ್ಲ? ನಾನಾವತಿ ಪೊಲೀಸರಿಗೆ, ಕೋರ್ಟಿಗೆ ಹೋಗಬಹುದಿತ್ತಲ್ಲ, ಗನ್ ಯಾಕೆ?

ಉತ್ತರ: ಹೋಗಬಹುದಿತ್ತು. ಹಳೆಯ 497ನೇ ಕಲಮಿನಲ್ಲಿ ಬೇರೊಬ್ಬನ ಹೆಂಡತಿಯ ಜೊತೆ, ಆ ಗಂಡನ ಒಪ್ಪಿಗೆ ಇಲ್ಲದೆ, ಸಂಬಂಧ ಇಟ್ಟುಕೊಂಡ ಗಂಡಸಿಗೆ 5 ವರ್ಷದವರೆಗೆ ಸೆರೆವಾಸ ಇತ್ತು. ಹೆಂಡತಿಗೆ ಶಿಕ್ಷೆ ಇರಲಿಲ್ಲ. ಕೇಳಲು ಹೆಣ್ಣಿಗೆ ಅನುಕೂಲ ಅನಿಸುತ್ತದೆ. ಆದರೆ “ಗಂಡನ ಒಪ್ಪಿಗೆ ಇಲ್ಲದೆ” ಅನ್ನುವ ಮಾತನ್ನು ಇನ್ನೊಮ್ಮೆ ಓದಿ. ಅವಳ ಮನಸ್ಸು, ಅವಳ ನಿರ್ಧಾರ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ, ಅವಳು ಗಂಡನ ಸ್ವತ್ತು ಎಂಬಂತೆ ಬರೆದ ಕಾನೂನು. 1985ರಲ್ಲಿ ಇದನ್ನು ಪ್ರಶ್ನಿಸಿದಾಗ ವೈ.ವಿ. ಚಂದ್ರಚೂಡ್ ಅವರೇ ಇದ್ದ ಪೀಠ ಅದನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ರದ್ದು ಮಾಡಿತು. ಆ ಪೀಠದಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಇದ್ದರು. ಈಗ ವ್ಯಭಿಚಾರ ವಿಚ್ಛೇದನಕ್ಕೆ ಕಾರಣ ಆಗುತ್ತದೆ, ಅಪರಾಧ ಅಲ್ಲ.

ಈ ಕಲಮಿನ ನೆರಳು ಇಡೀ ಕಥೆಯ ಮೇಲಿದೆ ಅಂತ ನನ್ನ ಅನಿಸಿಕೆ. ಸಿಲ್ವಿಯಾ ಬಗ್ಗೆ ಆಗ ಬರೆದವರಲ್ಲಿ ಬಹಳ ಜನ ಆಕೆಯನ್ನು ಕಳ್ಳತನವಾದ ವಸ್ತುವಿನ ಹಾಗೆ ಬರೆದರು. ಕದ್ದವನು ಒಬ್ಬ, ಕಳೆದುಕೊಂಡವನು ಒಬ್ಬ. ಆಕೆ ಗಂಡನ ಪರವಾಗಿ ಕೋರ್ಟಿನಲ್ಲಿ ನಿಂತು, ತನ್ನ ಬದುಕಿನ ಅತ್ಯಂತ ಖಾಸಗಿ ಸಂಗತಿಗಳನ್ನು ತುಂಬಿದ ಕೋರ್ಟಿನ ಮುಂದೆ ಹೇಳಬೇಕಾಯಿತು. ಅದಕ್ಕೆ ಬೇಕಾದ ಧೈರ್ಯದ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಪ್ರಶ್ನೆ: ಜೀವಾವಧಿ ಶಿಕ್ಷೆ ಆಯಿತು ಅಂತೀರಿ, ಆದರೆ ನಾನಾವತಿ ಹೊರಗೆ ಬಂದರಲ್ಲ. ಪ್ರಭಾವ ಇದ್ದವರಿಗೆ ಹೀಗೇನಾ?

ಉತ್ತರ: ಇಲ್ಲಿ ಎರಡು ಘಟನೆಗಳಿವೆ, ಬೆರೆಸಬೇಡಿ. ಮೊದಲನೆಯದು, ಹೈಕೋರ್ಟ್ ಶಿಕ್ಷೆ ಕೊಟ್ಟ ದಿನವೇ ರಾಜ್ಯಪಾಲ ಶ್ರೀಪ್ರಕಾಶ ಸಂವಿಧಾನದ 161ನೇ ವಿಧಿಯ ಕೆಳಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ಮುಗಿಯುವವರೆಗೆ ನಾನಾವತಿ ಜೈಲಿಗೆ ಹೋಗುವ ಬದಲು ನೌಕಾಪಡೆಯ ವಶದಲ್ಲೇ ಇರಲಿ ಅಂತ. ಇದು ಸರಿಯಲ್ಲ, ಕೇಸು ತನ್ನ ಮುಂದೆ ಇರುವಾಗ ರಾಜ್ಯಪಾಲರು ಹೀಗೆ ನಡುವೆ ಬರುವಂತಿಲ್ಲ ಎಂದು 1960ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 4:1ರಲ್ಲಿ ಹೇಳಿತು. ನಿಮ್ಮ ಅನುಮಾನಕ್ಕೆ ಇಲ್ಲಿ ಆಧಾರ ಇದೆ. ಸಾಮಾನ್ಯ ಕೈದಿಗೆ ಅದೇ ದಿನ ರಾಜಭವನದಿಂದ ಆದೇಶ ಬರುತ್ತದೆಯೇ? ಖಂಡಿತ ಇಲ್ಲ.

ಎರಡನೆಯದು ಕ್ಷಮಾದಾನ. 1964ರಲ್ಲಿ, ಆಗ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕೊಟ್ಟದ್ದು. ಮೇಲ್ಮನವಿ ಎಲ್ಲ ಮುಗಿದಿದ್ದರಿಂದ ಇದರಲ್ಲಿ ಕಾನೂನಿನ ತೊಡಕಿಲ್ಲ. ಸಿಂಧಿ ಸಮುದಾಯದ ಸಿಟ್ಟು ಬರಬಾರದು ಅಂತ, ಆಮದು ಪರವಾನಗಿಯ ಕೇಸಿನಲ್ಲಿ ಶಿಕ್ಷೆಯಾಗಿದ್ದ ಸಿಂಧಿ ವ್ಯಾಪಾರಿ ಭಾಯಿ ಪ್ರತಾಪ್ ಅವರಿಗೂ ಅದೇ ಹೊತ್ತಿಗೆ ಕ್ಷಮೆ ಸಿಕ್ಕಿತು. ಅದಕ್ಕೂ ಮೊದಲು ಮೇಮಿ ಆಹುಜಾ ತಮ್ಮದೇನೂ ಆಕ್ಷೇಪ ಇಲ್ಲ ಅಂತ ಬರೆದುಕೊಟ್ಟರು. ಸಹೋದರನನ್ನು ಕಳೆದುಕೊಂಡ ಹೆಣ್ಣುಮಗಳ ಆ ಒಂದು ಬರಹ ಇಡೀ ಕಥೆಯಲ್ಲೇ ಕಷ್ಟದ ಬರಹ. ಒಂದು ಸರಣಿ ಅವರ ಸುತ್ತಲೇ ಬಂದರೆ ನಾನು ಮೊದಲ ದಿನವೇ ನೋಡುತ್ತೇನೆ. ನಾನಾವತಿ ಕುಟುಂಬ 1968ರಲ್ಲಿ ಕೆನಡಾಕ್ಕೆ ಹೋಯಿತು. 2003ರಲ್ಲಿ ನಾನಾವತಿ ತೀರಿಕೊಂಡರು.

ಪ್ರಶ್ನೆ: ನಿಜವಾದ ಜನರ ಕಥೆ, ಹೆಸರು ಹಾಕಿ, ಮನೆಯವರ ಒಪ್ಪಿಗೆ ಇಲ್ಲದೆ ತೆಗೆಯಬಹುದಾ?

ಉತ್ತರ: ಕೋರ್ಟಿನ ದಾಖಲೆಯಲ್ಲಿ ಇರುವಷ್ಟನ್ನು ಬಳಸಬಹುದು. 1994ರ ಆರ್. ರಾಜಗೋಪಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಎಂಬ ಕೈದಿಯ ಆತ್ಮಕಥೆಯನ್ನು ತಮಿಳು ಪತ್ರಿಕೆಯೊಂದು ಪ್ರಕಟಿಸಲು ಹೊರಟಾಗ ಬಂದ ಕೇಸು ಅದು. ಸಾರ್ವಜನಿಕ ದಾಖಲೆ ಆದ ಮೇಲೆ ಅದರ ಮೇಲೆ ಬರೆಯಲು ಒಪ್ಪಿಗೆ ಬೇಡ, ದಾಖಲೆಯ ಆಚೆ ಹೋಗಿ ಖಾಸಗಿ ಬದುಕನ್ನು ಕೆದಕಿದರೆ ಅದರ ಹೊಣೆ ಬರೆದವರದ್ದೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ದಾಖಲೆಯಲ್ಲಿದ್ದರೂ ಹಾಕುವಂತಿಲ್ಲ.

ಇದು ಕಾನೂನಿನ ಮಾತು. ನನ್ನ ಅಭಿಪ್ರಾಯ ಇನ್ನೂ ಸ್ವಲ್ಪ ಬಿಗಿ. ಮುಚ್ಚಿದ ಕೋಣೆಯಲ್ಲಿ ಆ ಕೆಲವೇ ಕ್ಷಣ ಏನಾಯಿತು ಅನ್ನುವುದಕ್ಕೆ ಬದುಕುಳಿದ ಒಬ್ಬರ ಹೇಳಿಕೆ ಬಿಟ್ಟರೆ ನೇರ ಸಾಕ್ಷಿ ಇಲ್ಲ. ಅದನ್ನು ತೆರೆಯ ಮೇಲೆ ತೋರಿಸುವವರು ಸತ್ತವನ ಬಾಯಿಗೆ ಮಾತು ಹಾಕುತ್ತಾರೆ. ಆಹುಜಾ ಆಡಿದರೆಂಬ ಆ ಒರಟು ಮಾತು ಕೂಡ ಆರೋಪಿಯ ಹೇಳಿಕೆಯಿಂದ ಬಂದದ್ದು. ತೋರಿಸುವವರು ಇದು ಯಾರ ಹೇಳಿಕೆ ಅಂತಲೂ ನೋಡುಗರಿಗೆ ಗೊತ್ತಾಗುವಂತೆ ತೋರಿಸಬೇಕು.

ಪ್ರಶ್ನೆ: ನಿಜವಾದ ಕೋರ್ಟು ಟೀವಿಯಲ್ಲಿ ತೋರಿಸುವ ಹಾಗೇ ಇರುತ್ತಾ? ನನ್ನ ಮಗ ಇದನ್ನೆಲ್ಲ ನೋಡಿ ವಕೀಲ ಆಗ್ತೀನಿ ಅಂತಿದ್ದಾನೆ.

ಉತ್ತರ: ಆಗಲಿ ಬಿಡಿ, ಒಳ್ಳೆಯದೇ. ಆದರೆ ಮೊದಲು ಒಂದು ದಿನ ಸೆಷನ್ಸ್ ಕೋರ್ಟಿಗೆ ಕರೆದುಕೊಂಡು ಹೋಗಿ. ಬಹುಪಾಲು ವಿಚಾರಣೆ ಬಹಿರಂಗವಾಗಿಯೇ ನಡೆಯುತ್ತದೆ, ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ನೋಡಬಹುದು. ನಮ್ಮ ನ್ಯಾಯಾಧೀಶರ ಕೈಯಲ್ಲಿ ಸುತ್ತಿಗೆ ಇರುವುದಿಲ್ಲ. ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡುವುದೂ 1969ರ ಪ್ರಮಾಣ ಕಾಯ್ದೆಯಲ್ಲಿ ಇಲ್ಲ, ದೇವರ ಹೆಸರಿನಲ್ಲೋ ಆತ್ಮಸಾಕ್ಷಿಯಾಗಿಯೋ ಬಾಯಿಮಾತಿನ ಪ್ರಮಾಣ ಅಷ್ಟೇ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಬರೆಸುತ್ತಾರೆ, ಟೈಪ್ ಆಗುವವರೆಗೆ ಎಲ್ಲರೂ ಕಾಯುತ್ತಾರೆ. ಕೊನೇ ಗಳಿಗೆಯಲ್ಲಿ ಬಾಗಿಲು ತಳ್ಳಿಕೊಂಡು ಬರುವ ಸಾಕ್ಷಿ ಇಲ್ಲ, ಸಾಕ್ಷಿಗಳ ಪಟ್ಟಿ ಚಾರ್ಜ್‌ಶೀಟಿನ ಜೊತೆಗೇ ಆರೋಪಿಗೆ ಸಿಕ್ಕಿರುತ್ತದೆ.

ಪಾಟೀಸವಾಲು ಮಾತ್ರ ಮಗನಿಗೆ ತಪ್ಪದೇ ತೋರಿಸಿ. ಟೀವಿಯಲ್ಲಿ ವಕೀಲರು ಕಿರುಚಿ ಸಾಕ್ಷಿಯನ್ನು ಬೀಳಿಸುತ್ತಾರೆ. ನಿಜವಾಗಿ ಒಳ್ಳೆಯ ಪಾಟೀಸವಾಲು ಮೆಲುದನಿಯಲ್ಲಿ ನಡೆಯುತ್ತದೆ. “ಬಾಗಿಲು ಮುಚ್ಚಿತ್ತು ಅಂದಿರಿ, ನೀವು ಎಲ್ಲಿ ನಿಂತಿದ್ದಿರಿ, ಅಲ್ಲಿಂದ ಬಾಗಿಲು ಕಾಣುತ್ತದೆಯೇ” ಅಂತ ಚಿಕ್ಕ ಚಿಕ್ಕ ಪ್ರಶ್ನೆ, ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುವ ಹಾಗೆ. ಅರ್ಧ ಗಂಟೆ ಆದ ಮೇಲೆ ಸಾಕ್ಷಿ ಎಲ್ಲಿಗೆ ಬಂದು ನಿಂತಿದ್ದಾನೆ ಅಂತ ಗೊತ್ತಾಗುತ್ತದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಿಚಾರಣೆಗಳು 2022ರಿಂದ ನೇರಪ್ರಸಾರ ಆಗುತ್ತಿವೆ, ಮೇಲಿನ ಕೋರ್ಟಿನ ವಾದ ಹೇಗಿರುತ್ತದೆ ಅಂತ ಮನೆಯಲ್ಲೇ ಕೂತು ನೋಡಬಹುದು.

ಪ್ರಶ್ನೆ: ಇದೇ ಕಥೆಯ ಮೇಲೆ ಬೇರೆ ಸಿನಿಮಾಗಳೂ ಇವೆಯಂತೆ. ತೀರ್ಪು ಓದಬೇಕು ಅಂದರೆ ಎಲ್ಲಿ ಸಿಗುತ್ತದೆ? ಓದಿದರೆ ನಮ್ಮಂಥವರಿಗೆ ಅರ್ಥ ಆಗುತ್ತಾ?

ಉತ್ತರ: ಈ ಘಟನೆಯಿಂದ ಎಳೆ ತೆಗೆದುಕೊಂಡು 1963ರಲ್ಲಿ ‘ಯೇ ರಾಸ್ತೇ ಹೈಂ ಪ್ಯಾರ್ ಕೆ’, 1973ರಲ್ಲಿ ‘ಅಚಾನಕ್’, 2016ರಲ್ಲಿ ‘ರುಸ್ತುಂ’ ಬಂದವು. ಮೂರರಲ್ಲೂ ಹೆಸರುಗಳು ಬೇರೆ, ಕಥೆಯೂ ಬೇಕಾದ ಕಡೆ ತಿರುಗಿದೆ. ಕೇಸು ತಿಳಿಯಬೇಕು ಅನ್ನುವವರಿಗೆ 2019ರ ಸರಣಿಯೇ ಹತ್ತಿರದ್ದು.

ತೀರ್ಪು ಸುಪ್ರೀಂ ಕೋರ್ಟಿನ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ. ‘ಕೆ.ಎಂ. ನಾನಾವತಿ ವರ್ಸಸ್ ಸ್ಟೇಟ್ ಆಫ್ ಮಹಾರಾಷ್ಟ್ರ’, ಎಐಆರ್ 1962 ಎಸ್‌ಸಿ 605 ಅಂತ ಹುಡುಕಿ. ಇಂಗ್ಲಿಷಿನಲ್ಲಿದೆ, ಉದ್ದವೂ ಇದೆ, ಹೆದರಬೇಡಿ. ಮೊದಲು ಘಟನೆಯ ವಿವರ ಇರುವ ಪುಟಗಳನ್ನು ಓದಿ, ಅಲ್ಲಿ ಸರಕಾರದ ಕಥೆ ಮತ್ತು ಆರೋಪಿಯ ಕಥೆ ಅಕ್ಕಪಕ್ಕ ಇವೆ. ನಡುವೆ ಬರುವ 307ನೇ ಕಲಮಿನ ಚರ್ಚೆಯನ್ನು ಮೊದಲ ಸಲ ಬಿಟ್ಟುಬಿಡಿ. ನೇರ ಕೊನೆಗೆ ಹೋಗಿ, ಸಾಕ್ಷ್ಯಗಳನ್ನು ಒಂದೊಂದಾಗಿ ತೂಗಿದ ಭಾಗ ಮತ್ತು ಪ್ರಚೋದನೆಯ ಭಾಗ ಓದಿ. ಕಾನೂನು ಓದದವರಿಗೂ ಆ ಪುಟಗಳು ಅರ್ಥವಾಗುತ್ತವೆ. ಓದಿ ಮುಗಿಸಿದ ಮೇಲೆ ಆ 8:1ರಲ್ಲಿ ನೀವಿದ್ದಿದ್ದರೆ ಯಾವ ಕಡೆ ಇರುತ್ತಿದ್ದಿರಿ, ಯಾಕೆ ಅಂತ ನಮಗೆ ಬರೆಯಿರಿ. ಒಳ್ಳೆಯ ಕಾರಣ ಕೊಟ್ಟ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಸರಿ.